ಬೆಳಕಿಂಡಿಯ ಕೆಳಗಿನ ಗಂಗಾಳ

ಅಥವಾ ಅದು ಕತ್ತಲೆಯೇ ಆಗಿರಲಿಲ್ಲವೇನೋ. ಎರಡು ವರ್ಷ ತುಂಬಿ ನಾಲ್ಕು ತಿಂಗಳಾದ ಕೂಸಿಗೆ ಏನು ನೆನಪಿರಲು ಸಾಧ್ಯ? ನನ್ನ ಬಳಿ ಇರುವುದು ಇಷ್ಟೇ: ಮೇಲಿನಿಂದ ಬಿದ್ದ ಒಂದು ದುಂಡನೆಯ ಬಿಸಿಲು, ಅದರೊಳಗೆ ಒಂದು ಕಂಚಿನ ಗಂಗಾಳ, ಗಂಗಾಳದಲ್ಲಿ ಹಸಿರಾದದ್ದು ಏನೋ, ಅದನ್ನು ಒಟ್ಟುಗೂಡಿಸುತ್ತಿರುವ ಒಂದು ಕೈ. ಕಿರುಬೆರಳು ಒಳಕ್ಕೆ ಮಡಚಿಕೊಂಡ ಕೈ. ಆಮೇಲೆ ಬಿಸಿಲು ಇದ್ದಕ್ಕಿದ್ದಂತೆ ಹೋಗುತ್ತದೆ. ಕೈ ನಿಲ್ಲುತ್ತದೆ. ಮುಂದೆ ಏನೂ ಇಲ್ಲ.

ಇದನ್ನು ನೆನಪು ಎನ್ನಲು ನನಗೆ ಧೈರ್ಯ ಸಾಲದು. ಅವ್ವ ಹೇಳಿದ್ದನ್ನು ಕೇಳಿ ಕೇಳಿ ನಾನೇ ಕಟ್ಟಿಕೊಂಡ ಚಿತ್ರವಿರಬಹುದು. ಆದರೆ ಕಿರುಬೆರಳಿನ ಮಾತನ್ನು ಅವ್ವ ಎಂದೂ ಆಡಿರಲಿಲ್ಲ. ಹಾಗಾದರೆ ಆ ಬೆರಳು ಎಲ್ಲಿಂದ ಬಂತು? ಹದಿನಾಲ್ಕು ವರ್ಷದವಳಿದ್ದಾಗ ನಾನು ಆ ಕೈಯ ಹೆಂಗಸನ್ನು ಇನ್ನೊಮ್ಮೆ ನೋಡಿದೆ. ಆಗ ನೋಡಿದ ಬೆರಳನ್ನೇ ಹಿಂದಕ್ಕೆ ಒಯ್ದು ಆ ಗಂಗಾಳದ ಪಕ್ಕದಲ್ಲಿ ಇಟ್ಟಿರಬಹುದು. ಸಾಕ್ಷಿಯನ್ನು ಹೀಗೆ ತಿದ್ದುವವರನ್ನು ಕಚೇರಿಯಲ್ಲಾದರೆ ಹೊರಗೆ ಹಾಕುತ್ತಾರೆ.

ಅವಳು ತೀರಿಕೊಂಡ ಸುದ್ದಿ ಬಂದದ್ದು ನಿಜಾಮರ ಆಳ್ವಿಕೆ ಮುಗಿದ ಮರುವರ್ಷ. ಯಲಬುರ್ಗಾದಿಂದ ಬಂದ ಯಾರೋ ಅವ್ವನಿಗೆ ಹೇಳಿದರು. ಅವ್ವ ಮೆಂತ್ಯ ಸೋಸುತ್ತ ಕೂತಿದ್ದಳು. "ಆಕಿ ಹೋದ್ಲಂತ" ಎಂದಳು. ಅಜ್ಜಿ ಬದುಕಿದ್ದರೆ "ಯಾಕಿ?" ಎಂದು ಕೇಳುತ್ತಿದ್ದಳು, ಯಾರೆಂದು ಗೊತ್ತಿದ್ದರೂ. ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ 'ಆಕಿ' ಎಂದರೆ ಒಬ್ಬಳೇ.

ಹೆಸರು ಬರೆಯುತ್ತಿಲ್ಲ. ಮೂವರು ಮೂರು ಹೆಸರು ಹೇಳಿದ್ದಾರೆ, ಅದರಲ್ಲಿ ಒಂದನ್ನು ಆರಿಸಲು ನಾನು ಯಾರು?

ಮೂವತ್ತರ ದಶಕದ ಮೊದಲ ವರ್ಷಗಳು. ಅಪ್ಪ ಯಲಬುರ್ಗಾದ ತಹಸೀಲ ಕಚೇರಿಯಲ್ಲಿ ಗಿರ್ದಾವರ, ಹಳ್ಳಿ ಹಳ್ಳಿ ತಿರುಗಿ ಹೊಲಗಳ ಪಹಣಿ ನೋಡುವ ಕೆಲಸ. ಮನೆಯಲ್ಲಿ ಅವ್ವ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ಆ ಮಳೆಗಾಲದ ಕೊನೆಗೆ, ದೀಪ ಹಚ್ಚುವ ಹೊತ್ತಾದರೆ ನಾನು ಗೋಡೆಗೆ ಹಾಯತೊಡಗಿದೆನಂತೆ. ಮೊದಲ ದಿನ ಎಲ್ಲರೂ ನಕ್ಕರು. ಮೂರನೆಯ ದಿನ ಅವ್ವ ಬಾಗಿಲಲ್ಲಿ ಕೂತು ಬಾ ಎಂದು ಕೈ ಚಾಚಿದಾಗ, ನಾನು ಅವ್ವನನ್ನು ಬಿಟ್ಟು ಪಕ್ಕದ ಗೋಡೆಗೆ ಹೋಗಿ ಹಣೆ ಬಡಿದುಕೊಂಡೆ. ಆಗ ಯಾರೂ ನಗಲಿಲ್ಲ.

ಅಪ್ಪ ಚಕ್ಕಡಿ ಕಟ್ಟಿಸಿಕೊಂಡು ನನ್ನನ್ನು ಕೊಪ್ಪಳದ ಹಕೀಮನ ಬಳಿ ಒಯ್ದರು. ಹಕೀಮ ನನ್ನ ರೆಪ್ಪೆ ಎತ್ತಿ ನೋಡಿ, "ಇರುಳಗಣ್ಣ" ಎಂದನಂತೆ. ಹೊತ್ತು ಮುಳುಗಿದರೆ ಕಾಣದ ರೋಗ.

"ಆಡಿನ ಕಲೇಜಿ ತಿನಸ್ರಿ ಸಾಹೇಬ್ರ. ಸುಟ್ಟು ತಿನಸ್ರಿ."

ಕಲೇಜಿ ಎಂದರೆ ಯಕೃತ್ತು. ಅಪ್ಪ ಸುತ್ತಲೂ ನೋಡಿ ದನಿ ತಗ್ಗಿಸಿ, "ನಮ್ಮ ಮನ್ಯಾಗ ಅದೆಲ್ಲಾ ನಡ್ಯೂದಿಲ್ರಿ" ಎಂದರಂತೆ.

"ಹಂಗಾರ ತೊಪ್ಪಲ ಪಲ್ಯ. ನುಗ್ಗಿ, ರಾಜಗಿರಿ, ಮೆಂತೆ, ಏನ ಸಿಗತೈತೋ ಅದು. ದಿನಾ ತಿನಸ್ರಿ. ತಡಾ ಮಾಡಿದ್ರ ಹಗಲಿನ ಕಣ್ಣೂ ಹೋಗ್ತಾವ, ಆಮ್ಯಾಲ ನನ್ನ ಹತ್ರ ಬರಬ್ಯಾಡ್ರಿ."

ಹಕೀಮನ ಮಾತು ಸರಳವಾಗಿತ್ತು. ತೊಂದರೆ ಎಂದರೆ ನಾನು. ನುಚ್ಚು, ಮಜ್ಜಿಗೆ, ಬೆಲ್ಲ, ಈ ಮೂರನ್ನು ಬಿಟ್ಟು ನಾಲ್ಕನೆಯದನ್ನು ನನ್ನ ಬಾಯಿ ಒಪ್ಪುತ್ತಿರಲಿಲ್ಲ. ಅವ್ವ ರೊಟ್ಟಿಯ ಮಡಿಕೆಯಲ್ಲಿ ಮೆಂತ್ಯ ಬಚ್ಚಿಟ್ಟರೆ ನಾನು ರೊಟ್ಟಿ ನುಂಗಿ ಎಲೆಯನ್ನಷ್ಟೇ ನಾಲಿಗೆಯ ತುದಿಗೆ ತಂದು, ಬೆರಳಿನಿಂದ ತೆಗೆದು, ಅಡಿಗೆಮನೆಯ ಗೋಡೆಗೆ ಒರೆಸುತ್ತಿದ್ದೆ. ಸುಣ್ಣ ಬಳಿಯುವವರೆಗೂ ಆ ಹಸಿರು ಚುಕ್ಕೆಗಳು ಇದ್ದವಂತೆ. ಅಪ್ಪ ಕಾಗೆ ತೋರಿಸಿ ತುತ್ತು ಇಡಲು ನೋಡಿದರು, ನಾನು ಬಾಯಿ ಮುಚ್ಚಿಕೊಂಡೇ ಕಾಗೆ ನೋಡಿದೆ. ಅಜ್ಜಿ ಮೂಗು ಹಿಡಿದು ಒಳಗೆ ತುರುಕಿದಳು, ಅಂದು ನಾನು ತಿಂದ ನುಚ್ಚನ್ನೂ ಕಾರಿದೆ.

"ಹೆಣ್ಣ ಕೂಸು. ಕಣ್ಣ ಹೋದ್ರ ಇದನ್ನ ಯಾರ ಮಾಡ್ಕೋತಾರ?" ಇದು ಅಜ್ಜಿಯ ಮಾತು. ಅವ್ವ ಇದನ್ನು ಹೇಳುವಾಗ ಅಜ್ಜಿಯ ದನಿಯನ್ನು ಅಣಕಿಸುತ್ತಿದ್ದಳು, ಆದರೆ ಆ ಭಯ ಅವ್ವನದೂ ಆಗಿತ್ತು.

ಆಕಿ ಬಂದದ್ದು ಜೋಳ ಹಸನು ಮಾಡಲು. ಹಿಂದಿನ ಓಣಿಯಲ್ಲಿ ಒಂದು ಕೋಣೆಯ ಮನೆ ಹಿಡಿದು ಒಬ್ಬಳೇ ಇದ್ದಳು. ಗಂಡ ಸತ್ತಿದ್ದನೋ ಬಿಟ್ಟಿದ್ದನೋ. ಎತ್ತರದ ಹೆಂಗಸು, ಮುಖಕ್ಕೆ ದೊಡ್ಡದೆನಿಸುವ ಹಣೆ, ಮೊರದಲ್ಲಿ ಕೇರುವಾಗ ಬಾಯಿಯೊಳಗೇ ಮಾತಾಡಿಕೊಳ್ಳುವವಳು. ಅಂಗಳದಲ್ಲಿ ಕೂತು ಎರಡು ದಿನ ನನ್ನ ಅಳು ಕೇಳಿ, ಮೂರನೆಯ ದಿನ ಮೊರ ಕೆಳಗಿಟ್ಟಳಂತೆ.

"ಕೂಸಿನ ಕೂಡ ಅಷ್ಟ್ಯಾಕ ಜಗಳಾಡ್ತೀರಿ? ನನಗ ಕೊಡ್ರಿ ಒಂದ್ ತಾಸು."

"ನೀ ಏನ ಮಾಡ್ತಿ ಯಕ್ಕಾ?" ಅವ್ವ ಕೇಳಿದಳು.

"ಉಣಸ್ತೀನಿ. ಖೋಲಿ ಬಾಗಲಾ ಹಾಕೋತೀನಿ. ಯಾರೂ ಇಣಕಬಾರ್ದು. ನಾಕ ಮಂದಿ ನೋಡಿದ್ರ ಕೂಸಿಗೆ ದೃಷ್ಟಿ ಆಗತೈತಿ."

ದೃಷ್ಟಿಯ ಮಾತಿಗೆ ಅಜ್ಜಿ ಎದುರಾಡುವಂತಿರಲಿಲ್ಲ. ಎಲ್ಲರಿಗೂ ಅದನ್ನು ಹೇಳುತ್ತಿದ್ದವಳು ಅಜ್ಜಿಯೇ.

ಅವ್ವ ಗಂಗಾಳದಲ್ಲಿ ಒಂದು ಹಿಡಿ ರಾಜಗಿರಿ ಪಲ್ಯ, ಅರ್ಧ ರೊಟ್ಟಿ ಹಾಕಿದಳು. ಆಕಿ ನೋಡಿ, "ಇಷ್ಟ ಸಾಲೂದಿಲ್ರಿ. ಕೂಸು ಅರ್ಧಾ ಚೆಲ್ಲತೈತಿ, ಅರ್ಧಾ ತಿಂತೈತಿ. ಎರಡ ರೊಟ್ಟಿ ಹಾಕ್ರಿ, ಪಲ್ಯಾ ಇನ್ನಷ್ಟ ಹಾಕ್ರಿ" ಎಂದಳು. ಖೋಲಿಯ ಬಾಗಿಲು ಮುಚ್ಚಿತು. ಅಳು ಕೇಳಿಬರಲಿಲ್ಲ. ತಾಸಿನ ಮೇಲೆ ಬಾಗಿಲು ತೆರೆದಾಗ ನನ್ನ ಗಲ್ಲದ ತುಂಬ ಹಸಿರು, ಗಂಗಾಳ ತೊಳೆದಿಟ್ಟಂತೆ ಖಾಲಿ. ನೆಲದ ಮೇಲೆ ಒಂದು ಚೂರೂ ಇಲ್ಲ.

ಮರುದಿನವೂ ಹಾಗೆಯೇ. ಹತ್ತು ದಿನ ಹಾಗೆಯೇ. ನುಗ್ಗೆಸೊಪ್ಪು, ಪುಂಡಿಪಲ್ಯ, ಹೀರೇಕಾಯಿ, ಚವಳಿಕಾಯಿ, ಒಳಗೆ ಹೋದದ್ದು ಏನೂ ಹೊರಗೆ ಬರಲಿಲ್ಲ. ಅಜ್ಜಿ ಓಣಿಯ ಹೆಂಗಸರ ಮುಂದೆ, "ನಮ್ಮ ಕೂಸು ಈಗ ಎರಡ ರೊಟ್ಟಿ ಉಣ್ಣತೈತ್ರಿ!" ಎಂದು ಹೇಳಿಕೊಂಡಳು. ಎರಡು ವರ್ಷದ ಕೂಸು ಜೋಳದ ಎರಡು ರೊಟ್ಟಿ ತಿನ್ನುತ್ತದೆ ಎಂಬುದನ್ನು ಒಂದು ಇಡೀ ಮನೆ ಹತ್ತು ದಿನ ನಂಬಿತು. ನಂಬಿದ್ದಕ್ಕೆ ಕಾರಣ ಊಹಿಸಬಲ್ಲೆ. ತಾಟಿನಲ್ಲಿ ಹಾಕಿದ್ದು ಕೂಸಿಗೆ ಎಂದ ಮೇಲೆ ಅದನ್ನು ಬೇರೊಬ್ಬರು ಮುಟ್ಟುವ ವಿಚಾರ ನಮ್ಮ ಮನೆಯವರ ತಲೆಗೆ ಬರುವಂಥದೇ ಅಲ್ಲ. ಎಂಜಲೆಂದರೆ ಅಜ್ಜಿಗೆ ಬೆಂಕಿ. ಅಪ್ಪ ಕುಡಿದಿಟ್ಟ ತಂಬಿಗೆಯನ್ನು ಅವ್ವ ಬೂದಿ ಹಚ್ಚಿ ಬೆಳಗದೆ ಮುಟ್ಟುತ್ತಿರಲಿಲ್ಲ.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಸಂಶಯ ಶುರುವಾಯಿತು. ಶುರು ಮಾಡಿದ್ದು ಖಾಲಿ ಗಂಗಾಳವಲ್ಲ, ಎರಡು ರೊಟ್ಟಿಯಲ್ಲ. ಅವ್ವ ಅವಳಿಗೆ ಒಂದು ಸೇರು ಜೋಳ ಕೊಡಹೋದಾಗ ಅವಳು, "ಉಣಸೂದಕ್ಕ ಏನ್ ಕೊಡ್ತೀರಿ ಬಿಡ್ರಿ, ಬ್ಯಾಡ" ಎಂದಳು. ಅಜ್ಜಿ ಒಳಗಿನಿಂದ ಕೇಳಿಸಿಕೊಂಡಳು.

"ಏನೂ ಬ್ಯಾಡ ಅಂತಾಳ? ಹಂಗ್ಯಾರ ದುಡೀತಾರ? ಆಕೀಗೆ ಏನೋ ಬೇಕಾಗೇತಿ."

"ಏನ ಬೇಕಾಗಿರತೈತ್ರಿ ಅತ್ತಿ?"

"ಅದ ಗೊತ್ತಿಲ್ಲ. ಅದಕ್ಕs ಅಂಜಿಕಿ."

ಆಮೇಲೆ ಎಲ್ಲವೂ ಪುರಾವೆಯಾಗತೊಡಗಿತು. ಅವಳು ತಾನು ಕುಷ್ಟಗಿ ಕಡೆಯವಳು ಎಂದಿದ್ದಳು. ಅಪ್ಪ ಕೆಲಸದ ಮೇಲೆ ಕುಷ್ಟಗಿಗೆ ಹೋದಾಗ ವಿಚಾರಿಸಿದರೆ, ಅಲ್ಲಿನ ಒಬ್ಬ, "ಆಕಿ ಇಲ್ಲಿಯಾಕಿ ಅಲ್ರಿ, ಮರಳಿ ಅಂತ ಊರೈತಲ್ರಿ, ಆ ಕಡಿಯಾಕಿ" ಎಂದ. "ಕೂಸಿಗೆ ಉಣಸ್ತಾಳೇನು?" ಎಂದರೆ, "ಉಣಸ್ತಾಳ, ಖರೆ" ಎಂದು ನಕ್ಕು ಬೇರೆ ಮಾತು ತೆಗೆದ. ಯಾಕೆ ನಕ್ಕ? ಅಪ್ಪ ಕೇಳಲಿಲ್ಲ. ಕಟುಕರ ಓಣಿಯ ಬಾಯಲ್ಲಿ ಅವಳನ್ನು ಕಂಡೆನೆಂದು ಪಕ್ಕದ ಮನೆಯಾಕೆ ಹೇಳಿದ ಮೇಲಂತೂ ಅಜ್ಜಿಗೆ ಎಲ್ಲ ತಿಳಿದುಹೋಯಿತು: ಕಲೇಜಿ! ಹಕೀಮ ಹೇಳಿದ್ದನ್ನು ಇವಳು ಪಲ್ಯದಲ್ಲಿ ಕಲಸಿ ತಿನ್ನಿಸುತ್ತಿದ್ದಾಳೆ. ಅದಕ್ಕೇ ಬಾಗಿಲು.

"ನೀನs ಹೇಳೀಯೇನ ಆಕೀಗೆ?" ಎಂದು ಅಜ್ಜಿ ಅಪ್ಪನನ್ನು ಕೇಳಿದಳಂತೆ. ಅಪ್ಪ ಇಲ್ಲ ಎಂದರು. ಆ 'ಇಲ್ಲ'ವನ್ನು ಅವ್ವ ಕೊನೆಯವರೆಗೂ ಪೂರ್ತಿ ನಂಬಲಿಲ್ಲ. ನಾನೂ ಇಲ್ಲ.

ಅಜ್ಜಿ ಒಂದು ದಿನ ಅವಳ ಉಡಿ ಬಿಚ್ಚಿಸಿ ನೋಡಿದಳು. ಒಂದು ಚೂರು ಬಟ್ಟೆಯಲ್ಲಿ ಕಟ್ಟಿದ, ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳಿನ ಪುಡಿ ಸಿಕ್ಕಿತು. ಬೇರೇನೂ ಇಲ್ಲ. ಆಕಿ ಗಂಟನ್ನು ಮತ್ತೆ ಕಟ್ಟಿಕೊಳ್ಳುತ್ತ, "ಸಿಗಲಿಲ್ಲೇನ್ರಿ?" ಎಂದಳಂತೆ. ನಕ್ಕು ಹೇಳಿದಳೋ ನೊಂದು ಹೇಳಿದಳೋ ಎಂದು ಅವ್ವನನ್ನು ಕೇಳಿದ್ದೇನೆ. ಅವ್ವ ಒಮ್ಮೆ ನಕ್ಕಳು ಎಂದಿದ್ದಾಳೆ, ಒಮ್ಮೆ ನೆಲ ನೋಡಿದಳು ಎಂದಿದ್ದಾಳೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಖೋಲಿಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ದುಂಡನೆಯ ಬೆಳಕಿಂಡಿ ಇತ್ತು. ಅರವತ್ತು ದಾಟಿದ ಅಜ್ಜಿ, ಒಣಹಾಕಿದ ಮೆಣಸಿನಕಾಯಿ ತಿರುವುವ ನೆಪದಲ್ಲಿ ನಿಚ್ಚಣಿಕೆ ಹತ್ತಿ, ಮಂಡಿಯೂರಿ, ಬೆಳಕಿಂಡಿಗೆ ಮುಖ ಇಟ್ಟಳು.

ಅವಳು ಕಂಡದ್ದು: ಆಕಿ ನನಗೆ ಬೆನ್ನು ಕೊಟ್ಟು, ಗಂಗಾಳವನ್ನು ತನ್ನ ತೊಡೆಯ ಮುಂದೆ ಇಟ್ಟುಕೊಂಡು, ಉಣ್ಣುತ್ತಿದ್ದಳು. ರೊಟ್ಟಿಯ ದೊಡ್ಡ ತುಂಡು ಮುರಿದು, ಪಲ್ಯ ಬಳಿದು, ಬಾಯಿ ತುಂಬ, ಆತುರದಿಂದ. ನಾನು ಹಿಂದಿನಿಂದ ಅವಳ ಹೆಗಲು ಹಿಡಿದು ನಿಂತು ಇಣುಕುತ್ತಿದ್ದೆ. "ಇದು ನಿನಗಲ್ಲವ್ವಾ" ಎನ್ನುತ್ತ ಅವಳು ಗಂಗಾಳವನ್ನು ಅತ್ತ ಸರಿಸುತ್ತಿದ್ದಳು. ನಾನು ಸುತ್ತಿ ಬಂದು, ಅವಳ ಬೆರಳ ಸಂದಿಯಿಂದ ಪಲ್ಯ ಕಸಿದು ನನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಮತ್ತೆ ಕಸಿಯುತ್ತಿದ್ದೆ. ಅವಳು ಕೊಡಲೊಲ್ಲೆ ಎಂಬಂತೆ ಇನ್ನಷ್ಟು ಬೇಗ ಉಣ್ಣುತ್ತಿದ್ದಳು.

ಬೆಳಕಿಂಡಿಗೆ ಅಜ್ಜಿಯ ತಲೆ ಅಡ್ಡ ಬಂದದ್ದರಿಂದ ಖೋಲಿ ಕತ್ತಲಾಯಿತು. ನನ್ನ ನೆನಪಿನ ಕತ್ತಲೆ ಇದೇ ಇರಬೇಕು. ಅಥವಾ ಅದು ಯಾವುದೋ ಸಂಜೆ, ನನ್ನ ಕಣ್ಣಿನದೇ ಕತ್ತಲೆ.

"ಏ ಇವಳs!" ಮೇಲಿನಿಂದ ಕೂಗು. "ಯಾರ ಗಂಗಾಳದಾಗ ಯಾರ ಉಣ್ಣಾಕತ್ತಾರ? ನಿನ್ನ ಎಂಜಲಾ ಕೂಸಿಗೆ ತಿನಸ್ತೀಯೇನ?"

ಆಕಿ ಬಾಯಲ್ಲಿದ್ದುದನ್ನು ನುಂಗಿ ತಲೆ ಎತ್ತಿದಳು. "ಕೂಸು ಉಣ್ಣಾಕತ್ತೈತ್ರಿ. ಮೊದಲ ಅದನ್ನ ನೋಡ್ರಿ."

"ನೋಡೇನಿ! ಎಲ್ಲಾ ನೋಡೇನಿ! ಕಲೇಜಿ ತಿನಸಿದ್ರರ ಪಾಡಿತ್ತು!"

ಎಂಜಲಿಗಿಂತ ಕಲೇಜಿಯೇ ವಾಸಿಯಿತ್ತು ಎಂದು ಅಜ್ಜಿ ಅಂದಿರಲಾರಳು. ಆದರೆ ಅವ್ವ ಪ್ರತಿ ಸಲ ಈ ಮಾತನ್ನು ಬಿಡದೆ ಹೇಳುತ್ತಿದ್ದಳು, ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ನನ್ನ ತಲೆಯ ಮೇಲೆ ಎರಡು ಕೊಡ ನೀರು ಬಿತ್ತು. ಗಂಗಾಳವನ್ನು ಹುಣಸೆಹಣ್ಣು ಹಾಕಿ ಬೆಳಗಿ, ಒಲೆಯ ಉರಿಗೆ ಹಿಡಿದು, ಆಮೇಲೂ ಅದನ್ನು ಒಂದು ತಿಂಗಳು ಹೊರಗೆ ಇಟ್ಟರು. ಆಕಿ ಮೊರವನ್ನು ಅಂಗಳದಲ್ಲೇ ಬಿಟ್ಟು ಹೋದಳು. ಹೋಗುವಾಗ ಅವ್ವನಿಗೆ ಒಂದೇ ಮಾತು ಹೇಳಿದಳಂತೆ: "ಉಣ್ಣು ಅನಬ್ಯಾಡ್ರಿ. ಉಣ್ಣು ಅಂದ್ರ ಕೂಸಿನ ಬಾಯಿ ಮುಚ್ಚತೈತಿ."

ಇಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮೂರು ಕಥೆಗಳಿವೆ. ಅಜ್ಜಿಯ ಪ್ರಕಾರ ಅವಳು ಹೋದ ಮೇಲೆ ನಾನು ತಾನಾಗಿ ಉಣ್ಣಲು ಕಲಿತೆ. ಅಪ್ಪನ ಪ್ರಕಾರ ಗಂಗಾವತಿಗೆ ವರ್ಗವಾದ ಮೇಲೆ ಕಾಲುವೆಯ ನೀರು, ಎಳೆಯ ಸೊಪ್ಪು ಸಿಕ್ಕಿ ಎಲ್ಲ ಸರಿಹೋಯಿತು. ಅವ್ವನ ಕಥೆ ಬೇರೆ. ಅದನ್ನು ಅವಳು ಹೇಳಿದ್ದು ಅಜ್ಜಿ ಸತ್ತ ಮೇಲೆ.

ಆಕಿ ಹೋದ ಮರುದಿನದಿಂದ ನಾನು ಮತ್ತೆ ಬಾಯಿ ಮುಚ್ಚಿದೆ. ಅವ್ವ ಅವಳಂತೆಯೇ ಮಾಡಿ ನೋಡಿದಳು. ಅಜ್ಜಿ ಮಲಗಿದ್ದಾಗ ಖೋಲಿಯ ಬಾಗಿಲು ಹಾಕಿ, ಬೆನ್ನು ಕೊಟ್ಟು, ಪಲ್ಯ ಬಾಯಿಗೆ ತುಂಬಿಕೊಂಡಳು, "ಇದು ನಿನಗಲ್ಲವ್ವಾ" ಎಂದಳು. "ನೀ ತಿರುಗೀನೂ ನೋಡ್ಲಿಲ್ಲ. ಮೂಲ್ಯಾಗ ಕುಂತು ಮಣ್ಣ ಕೆದರಾಕತ್ತಿದ್ದಿ. ನಾ ಆಗಲೇ ಹೊಟ್ಟಿ ತುಂಬ ಉಂಡಿದ್ದೆ. ಆ ಪಲ್ಯಾ ನನಗs ಬ್ಯಾಡಾಗಿತ್ತು. ನಿನಗ ಗೊತ್ತಾಗಿರಬೇಕು."

ಐದು ದಿನಕ್ಕೆ ಸಂಜೆ ನಾನು ಮತ್ತೆ ಗೋಡೆಗೆ ಹಾಯ್ದೆ. ಆರನೆಯ ದಿನ ಅವ್ವ ನೀರಿಗೆ ಹೋಗುವ ನೆಪ ಮಾಡಿ, ಕೊಡದೊಳಗೆ ಪಲ್ಯದ ಬಟ್ಟಲು ಇಟ್ಟುಕೊಂಡು, ನನ್ನನ್ನು ಬಗಲಿಗೆ ಎತ್ತಿಕೊಂಡು, ಹಿಂದಿನ ಓಣಿಗೆ ಹೋದಳು. ಗಂಗಾವತಿಗೆ ಹೊರಡುವವರೆಗೂ ದಿನವೂ ಹೋದಳು. ಎರಡು ತಿಂಗಳು. ಅಲ್ಲಿ ಬಾಗಿಲು ಹಾಕುವ ಅಗತ್ಯವಿರಲಿಲ್ಲ. ಅವ್ವ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಒಂದು ಸಂಜೆ ವಾಪಸು ಬರುವಾಗ ದೀಪ ಹಚ್ಚಿರಲಿಲ್ಲ. ನಾನು ಅವ್ವನ ಬಗಲಿನಿಂದ ಕೈ ಚಾಚಿ, "ನಾಯಿ" ಎಂದೆನಂತೆ. ಓಣಿಯ ಆ ತುದಿಯಲ್ಲಿ, ಮಬ್ಬಿನಲ್ಲಿ, ಒಂದು ಕರಿಯ ನಾಯಿ ನಿಂತಿತ್ತು.

ಅವ್ವನ ಕಥೆ ಉಳಿದ ಎರಡಕ್ಕಿಂತ ಚೆನ್ನಾಗಿದೆ. ಚೆನ್ನಾಗಿರುವುದರಿಂದಲೇ ನನಗೆ ಅದರ ಮೇಲೆ ಗುಮಾನಿ. ಕರಿಯ ನಾಯಿ ಎಂಬಲ್ಲಿ ಹೆಚ್ಚು.

ಹದಿನಾಲ್ಕು ವರ್ಷದವಳಾಗಿದ್ದಾಗ ಕುಷ್ಟಗಿಯಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಮುದುಕಿಯನ್ನು ಅವ್ವ ದೂರದಿಂದ ತೋರಿಸಿದಳು, ತಾನು ಹತ್ತಿರ ಹೋಗಲಿಲ್ಲ. ನಾನು ಹೋದೆ. ಬೂದಿ ಹಿಡಿದ ಕೈಯಲ್ಲಿ ಕಿರುಬೆರಳು ಒಳಕ್ಕೆ ಮಡಚಿತ್ತು.

"ನನ್ನ ಗುರ್ತ ಐತೇನ್ರಿ?"

"ಎಷ್ಟ ಕೂಸಿಗೆ ಉಣಿಸೇನಿ ತಂಗಿ. ಯಾವ ಕೂಸಂತ ಹೇಳ್ಲಿ?"

"ಯಲಬುರ್ಗಾ. ಗಿರ್ದಾವರ ಮನಿ. ನಮ್ಮಜ್ಜಿ ಮಾಳಿಗಿ ಹತ್ತಿದ್ಲಲ್ಲ."

ಆಕಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ: "ಖರೆ ಹೇಳ್ರಿ, ಪಲ್ಯಾದಾಗ ಕಲೇಜಿ ಹಾಕಿದ್ರೇನು?"

ಅವಳು ಜೋರಾಗಿ ನಕ್ಕಳು. ಮುಂದಿನ ಎರಡು ಹಲ್ಲು ಇರಲಿಲ್ಲ. "ನಿಮ್ಮಜ್ಜಿ ಇನ್ನೂ ಹುಡುಕಾಕತ್ತಾಳೇನು?"

"ಅಜ್ಜಿ ಹೋಗಿ ಮೂರ್ ವರ್ಷಾತು."

"ಪಾಪ" ಎಂದಳು. ಇನ್ನೊಂದು ಪಾತ್ರೆ ಎಳೆದುಕೊಂಡು, ನನ್ನ ಮುಖ ನೋಡದೆ, "ಸಂಜೀಗೆ ಛಲೋ ಕಾಣತೈತೇನು ಈಗ?"

ನಾನು ಕಣ್ಣಿನ ಮಾತು ಎತ್ತಿರಲಿಲ್ಲ. ಎತ್ತಿರಲಿಲ್ಲ ಎಂದೇ ನನ್ನ ನೆನಪು.

ಎಲ್ಲ ಪಂಕ್ತಿ ಮುಗಿದು, ಹೊತ್ತು ಇಳಿಯತೊಡಗಿದ ಮೇಲೆ ಯಾರೋ ಅವಳಿಗೆ ಒಂದು ಎಲೆ ತಂದಿಟ್ಟರು. ಅವಳು ಗೋಡೆಗೆ ಮುಖ ಮಾಡಿ, ನಮಗೆಲ್ಲ ಬೆನ್ನು ಕೊಟ್ಟು ಕೂತಳು. ಬದನೆಕಾಯಿ ಪಲ್ಯ ಇತ್ತು. ನನಗೆ ಬದನೆಕಾಯಿ ಇಂದಿಗೂ ಸೇರದು, ಅಂದು ಹೋಳಿಗೆ ತುಪ್ಪ ಉಂಡು ಹೊಟ್ಟೆಯೂ ಬಿರಿಯುತ್ತಿತ್ತು. ಆದರೂ ಅವಳು ರೊಟ್ಟಿ ಮುರಿದು ಪಲ್ಯ ಬಳಿಯುವುದನ್ನು ನೋಡುತ್ತ ನನ್ನ ಬಾಯಲ್ಲಿ ನೀರು ಬಂತು. ಎರಡು ಹೆಜ್ಜೆ ಮುಂದೆ ಇಟ್ಟೆ. ಅವಳು ತಿರುಗಿ "ಇದು ನಿನಗಲ್ಲವ್ವಾ" ಎಂದಳು ಎಂದು ಬರೆಯಲು ಕೈ ತವಕಿಸುತ್ತದೆ. ಅವಳು ಏನೂ ಅನ್ನಲಿಲ್ಲ. ನಾನು ನಿಂತದ್ದು ಅವಳಿಗೆ ಗೊತ್ತಾಗಲೂ ಇಲ್ಲ. ಉಣ್ಣುತ್ತಲೇ ಇದ್ದಳು.

ಕೂಸುಗಳಿಗೆ ಉಣಿಸುವ ಜಾಣೆ ಎಂದು ಅವಳನ್ನು ಹೊಗಳಿ ಈ ಬರಹ ಮುಗಿಸಬಹುದಿತ್ತು. ಆದರೆ ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡದ್ದು, ಉಂಡದ್ದೇ ಕೂಲಿಯಾಯಿತೆಂಬಂತೆ ಜೋಳ ಬೇಡವೆಂದದ್ದು, ಬಾಗಿಲು ಮುಚ್ಚಿದ್ದು, ಅವ್ವ ತುಂಬಿದ ಹೊಟ್ಟೆಯಲ್ಲಿ ಅದೇ ಆಟ ಆಡಿದರೆ ನಾನು ತಿರುಗಿ ನೋಡದಿದ್ದದ್ದು, ಇವನ್ನೆಲ್ಲ ಒಂದರ ಪಕ್ಕ ಒಂದು ಇಟ್ಟರೆ ಬೇರೊಬ್ಬ ಹೆಂಗಸು ಕಾಣುತ್ತಾಳೆ. ಅವಳು ಎಲ್ಲಿಯವಳು, ಯಾರವಳು, ಉಡಿಯಲ್ಲಿ ಏನಿದೆ, ಪಲ್ಯದಲ್ಲಿ ಏನು ಕಲಸುತ್ತಾಳೆ ಎಂದು ನಮ್ಮ ಮನೆ ತಾಲೂಕಿನಿಂದ ತಾಲೂಕಿಗೆ ವಿಚಾರಿಸಿತು. ನಮ್ಮ ಕಡೆ ಬಾಗಿಲಿಗೆ ಬಂದ ಯಾರನ್ನಾದರೂ, ವೈರಿಯನ್ನೂ, ಮೊದಲು ಕೇಳುವ ಮಾತು ಒಂದೇ.

ಸುದ್ದಿ ಬಂದ ದಿನ ನಾನು ಅವ್ವನನ್ನು ಕೇಳಿದೆ: "ಆಕೀನ್ನ ಯಾರರ ಊಟ ಆತೇನ ಅಂತ ಕೇಳಿದ್ರೇನವ್ವ?"

ಅವ್ವ ಮೆಂತ್ಯದ ಕಡ್ಡಿ ಮುರಿಯುವುದನ್ನು ನಿಲ್ಲಿಸಿದಳು.

"ನಾ ಬಟ್ಟಲದಾಗ ಪಲ್ಯಾ ಒಯ್ತಿದ್ನಲ್ಲ" ಎಂದಳು. ಆಮೇಲೆ, "ಅದು ನಿನಗಂತ ಒಯ್ತಿದ್ದೆ" ಎಂದಳು.

ನನ್ನ ಕಣ್ಣು ಉಳಿದವು. ಈಗಲೂ ದೀಪ ಹಚ್ಚದೆ ಬಹಳ ಹೊತ್ತು ಕೂತಿರಬಲ್ಲೆ. ಅವಳು ನನಗೆ ಉಣಿಸಲೆಂದು ಉಂಡಳೋ, ಹಸಿದಿದ್ದಳೆಂದು ಉಂಡಳೋ, ನನಗೆ ಗೊತ್ತಿಲ್ಲ.